ಬೆಲೆ ಇಳಿದಿದೆ, ಓಟಿ ಎಷ್ಟು?

ಸಂಪಾದಕರಿಗೆ ನಮಸ್ಕಾರ.

ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ಮೇಲೆ ನಮ್ಮ ಕಡೆ ಒಂದು ಪ್ರಶ್ನೆ ಎಲ್ಲೆಲ್ಲೂ ಕೇಳಿಬರುತ್ತಿದೆ. ಸುಂಟಿಕೊಪ್ಪದ ಸಂತೆಯಲ್ಲಿ ತರಕಾರಿ ಆರಿಸುತ್ತಾ ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕುಶಾಲನಗರದ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಅಕ್ಕ, ಇನ್ಫೋಸಿಸ್ ಇಷ್ಟು ಬಿದ್ದಿದೆಯಲ್ಲ, ಈಗ ತಗೊಳ್ಬೋದಾ?" ನಾನು ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಿಗಳಾಗಿ ದುಡಿದು ನಿವೃತ್ತಳಾದವಳು. ಲೆಕ್ಕ ಬರೆದವರಿಗೆ ಷೇರೂ ಗೊತ್ತಿರುತ್ತದೆ ಎಂಬ ನಂಬಿಕೆ ಜನಕ್ಕೆ. ನಮ್ಮ ಮನೆಯಲ್ಲೂ ಈ ಸಲದ ಕರಿಮೆಣಸಿನ ದುಡ್ಡು ಕೈಯಲ್ಲಿದ್ದುದರಿಂದ ಪ್ರಶ್ನೆ ನನ್ನದೂ ಆಯಿತು. ಕೂತು ಕಂಪನಿಯ ವಾರ್ಷಿಕ ವರದಿ ಓದಿದೆ, ಹಳೆಯ ಲೆಕ್ಕಗಳನ್ನು ತೆಗೆದು ನೋಡಿದೆ. ನಿಮ್ಮ ವಾಣಿಜ್ಯ ಪುಟದಲ್ಲಿ ನಿನ್ನೆಯ ಬೆಲೆ ಇರುತ್ತದೆ, ಎಷ್ಟು ಏರಿತು ಎಷ್ಟು ಇಳಿಯಿತು ಎಂದಿರುತ್ತದೆ. ಅದರಿಂದಾಚೆ ನೋಡಬೇಕಾದದ್ದು ಏನು ಅನ್ನುವುದನ್ನು ನನ್ನಂಥ ಓದುಗರ ಜೊತೆ ಹಂಚಿಕೊಳ್ಳಬೇಕೆನಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಮೊದಲು ದುಡ್ಡಿನ ಮೂಲ ಹೇಳುತ್ತೇನೆ. ಕೆಲವೇ ವರ್ಷಗಳ ಹಿಂದೆ 50 ಕಿಲೋ ರೊಬಸ್ಟಾ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ರೊಬಸ್ಟಾ ತಳಿಯ ಕಾಫಿ ಹಣ್ಣು) ಮೂಟೆಗೆ ಮೂರು ಸಾವಿರ ರೂಪಾಯಿಯ ಆಸುಪಾಸು ಸಿಕ್ಕರೆ ಸಾಕಪ್ಪ ಅನ್ನುವ ಸ್ಥಿತಿ ಇತ್ತು. ವಿಯೆಟ್ನಾಮಿನಲ್ಲಿ ಬರ ಬಿದ್ದು ಅಲ್ಲಿನ ಫಸಲು ಕೈಕೊಟ್ಟಾಗ, 2024ರಲ್ಲಿ ಅದೇ ಮೂಟೆ ಹತ್ತು ಸಾವಿರ ದಾಟಿತು. ಸಾಲ ತೀರಿತು, ಮನೆಗೆ ಬಣ್ಣ ಬಂತು, ಹೊಸ ಜೀಪು ಬಂತು. ಇಷ್ಟಾದ ಮೇಲೂ ಒಂದಷ್ಟು ಉಳಿಯಿತು. ಉಳಿದ ಹಣವನ್ನು ಏನು ಮಾಡುವುದೆಂದು ಯೋಚಿಸುವ ಭಾಗ್ಯ ನಮ್ಮ ಸಣ್ಣ ಬೆಳೆಗಾರರಿಗೆ ಅಪರೂಪ. ಅದಕ್ಕೇ ಈ ಹಣ ಹಾಳಾಗಬಾರದು ಎಂಬ ಕಳಕಳಿ ನನಗೆ.

ಬಿದ್ದ ಷೇರು ಅಗ್ಗದ ಷೇರು ಎಂಬ ಲೆಕ್ಕವನ್ನು ಕೊಡಗಿನವರು ಒಪ್ಪಬಾರದು. ಚೆರ್ರಿ ಮಾರುವಾಗ ನಾವು ಹೀಗೆ ವ್ಯಾಪಾರ ಮಾಡುವುದಿಲ್ಲ. ಮೂಟೆ ತೂಗಿದರೆ ಐವತ್ತು ಕಿಲೋ. ಆದರೆ ವ್ಯಾಪಾರಿ ಅಲ್ಲಿಗೇ ಬಿಡುವುದಿಲ್ಲ. ಮೂಟೆಯಿಂದ ಒಂದಷ್ಟು ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ಒಳಗಿನ ಬೀಜವನ್ನು ಬೇರೆ ತೂಗುತ್ತಾನೆ. ತೇವಾಂಶ ಎಷ್ಟಿದೆ, ಕಾಯಿಕೊರಕ ಹೊಕ್ಕಿದೆಯೇ, ಕಪ್ಪು ಬೀಜ ಎಷ್ಟು ಎಂದು ನೋಡುತ್ತಾನೆ. ಐವತ್ತು ಕಿಲೋಗೆ 26 ಕಿಲೋ ಬೀಜ ಬಂದರೆ 26 ಓಟಿ (ಔಟ್‌ಟರ್ನ್, ಅಂದರೆ ಒಳಗಿನ ಬೀಜದ ಇಳುವರಿ), 28 ಬಂದರೆ 28 ಓಟಿ. ರೇಟು ನಿಲ್ಲುವುದು ಆ ಓಟಿಯ ಮೇಲೆ. ಷೇರಿಗೂ ಹಾಗೆಯೇ ಒಂದು ಓಟಿ ಇದೆ: ಒಂದು ಷೇರಿನ ಹಿಂದೆ ಕಂಪನಿ ವರ್ಷಕ್ಕೆ ಎಷ್ಟು ಲಾಭ ಗಳಿಸುತ್ತದೆ ಎಂಬುದು. ಅದನ್ನು ನೋಡದೆ ಬೆಲೆ ಮಾತ್ರ ಹೇಳುವವರ ಮಾತು ಅರ್ಧ ಮಾತು.

ಇನ್ಫೋಸಿಸ್‌ನ ಲೆಕ್ಕ ನೋಡೋಣ. 2024-25ರಲ್ಲಿ ಕಂಪನಿಯ ವರಮಾನ ಸುಮಾರು 1,62,990 ಕೋಟಿ ರೂಪಾಯಿ. ನಿವ್ವಳ ಲಾಭ 26,713 ಕೋಟಿ. ಒಂದು ಷೇರಿಗೆ ಹಂಚಿದರೆ ಹತ್ತಿರ ಹತ್ತಿರ 64 ರೂಪಾಯಿ 50 ಪೈಸೆ. ಆ ವರ್ಷ ಷೇರುದಾರರಿಗೆ ಕೊಟ್ಟ ಡಿವಿಡೆಂಡ್, ಅಂದರೆ ಲಾಭದಲ್ಲಿ ಹಂಚಿದ ಪಾಲು, ಷೇರೊಂದಕ್ಕೆ 43 ರೂಪಾಯಿ. ಷೇರಿನ ಬೆಲೆ ದಿನಾ ಬದಲಾಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು 1,500 ರೂಪಾಯಿ ಎಂದಿಟ್ಟುಕೊಂಡರೆ, ಲಾಭದ 23 ಪಟ್ಟು ಬೆಲೆ ಕೊಟ್ಟಂತಾಯಿತು. ನೂರು ರೂಪಾಯಿ ಹಾಕಿದರೆ ಅದರ ಹಿಂದೆ ಕಂಪನಿ ವರ್ಷಕ್ಕೆ ಗಳಿಸುವುದು 4 ರೂಪಾಯಿ 30 ಪೈಸೆ, ನಮ್ಮ ಖಾತೆಗೆ ಬರುವುದು 2 ರೂಪಾಯಿ 90 ಪೈಸೆಯಷ್ಟು. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಹಾಗಾದರೆ ಷೇರು ಏಕೆ ಬೇಕು? ಲಾಭ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ಎಂಬ ಭರವಸೆಗೆ. ಆ ಭರವಸೆಗೆ ಎಷ್ಟು ಬುಡವಿದೆ ಎನ್ನುವುದೇ ಇಡೀ ಪ್ರಶ್ನೆ.

ಹಿಂದೆ ತಿರುಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. 2022ರ ಜನವರಿಯಲ್ಲಿ ಇದೇ ಷೇರು 1,900 ರೂಪಾಯಿ ದಾಟಿತ್ತು. ಆ ಹಣಕಾಸು ವರ್ಷದ ಲಾಭ 22,110 ಕೋಟಿ, ಷೇರೊಂದಕ್ಕೆ ಸುಮಾರು 52 ರೂಪಾಯಿ. ಅಂದರೆ ಆಗ ಜನ 36 ಪಟ್ಟು ಕೊಟ್ಟು ಕೊಂಡರು. ಮುಂದಿನ ಮೂರು ವರ್ಷದಲ್ಲಿ ಲಾಭ ಕುಸಿಯಲಿಲ್ಲ, ಐದನೇ ಒಂದು ಭಾಗದಷ್ಟು ಏರಿತು. ಕುಸಿದದ್ದು ಜನರ ಉತ್ಸಾಹ. ಕೊರೋನಾ ಕಾಲದಲ್ಲಿ ಜಗತ್ತೆಲ್ಲ ಮನೆಯಿಂದ ಕೆಲಸ ಮಾಡುವಾಗ ಈ ಕಂಪನಿಗಳಿಗೆ ಬಂದ ಬೇಡಿಕೆ ಹಾಗೆಯೇ ಮುಂದುವರಿಯುತ್ತದೆಂದು ನಂಬಿದವರು ಕೊಟ್ಟ ಬೆಲೆ ಅದು. ಈಗ ಬೆಳವಣಿಗೆ ನಿಧಾನ. ಆ ಮೂರು ವರ್ಷದ ಲಾಭದ ಏರಿಕೆಯನ್ನು ವರ್ಷಕ್ಕೆ ಹಂಚಿದರೆ ಶೇ 6.5ರ ಹತ್ತಿರ. ನನ್ನ ಲೆಕ್ಕದಲ್ಲಿ ಇದು ಕೆಳಗೆ ಬಿದ್ದು ಸಿಕ್ಕ ನಿಧಿಯೂ ಅಲ್ಲ, ಮೋಸದ ಬೆಲೆಯೂ ಅಲ್ಲ. ಒಳ್ಳೆಯ ಕಂಪನಿಗೆ ನ್ಯಾಯವಾದ ಬೆಲೆ.

ಇಲ್ಲಿ ಎಲ್ಲರೂ 1993ರ ಕಥೆ ಹೇಳುತ್ತಾರೆ. ಆಗ 95 ರೂಪಾಯಿಗೆ ಷೇರು ಕೊಡುತ್ತೇವೆಂದರೂ ಪೂರ್ತಿ ಅರ್ಜಿ ಬರಲಿಲ್ಲ, ಉಳಿದ ಪಾಲನ್ನು ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು, ಅಂದು ಕೊಂಡವರು ಇಂದು ಕೋಟ್ಯಧೀಶರು ಎಂದು. ಕಥೆ ನಿಜ. 1981ರಲ್ಲಿ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೆ ಬೆಂಗಳೂರಿಗೆ ಬಂದ ಸಂಸ್ಥೆ ಅದು. 1993ರಲ್ಲೂ ಚಿಕ್ಕದೇ. ಚಿಕ್ಕದು ಹತ್ತು ಪಟ್ಟು ಬೆಳೆಯಬಹುದು, ನೂರು ಪಟ್ಟೂ ಬೆಳೆಯಬಹುದು. ಒಂದೂವರೆ ಲಕ್ಷ ಕೋಟಿ ದಾಟಿದ ವರಮಾನ ಇನ್ನೊಮ್ಮೆ ನೂರು ಪಟ್ಟಾಗುವುದಿಲ್ಲ. ಹಳೆಯ ಕಥೆ ಕೇಳಿ ಇಂದು ಹಣ ಹಾಕುವವರು ಬೇರೆಯೇ ಕಂಪನಿಗೆ ಹಣ ಹಾಕುತ್ತಿದ್ದಾರೆ.

ಇನ್ನು ಲೆಕ್ಕದ ನಂಬಿಕೆಯ ಮಾತು. ಇದರ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನನ್ನ ಇಡೀ ಉದ್ಯೋಗ ಇದೇ ಆಗಿತ್ತು. ಪ್ರತಿ ಮಾರ್ಚ್ 31 ಕಳೆದ ಮೇಲೆ ಸಂಘಕ್ಕೆ ಲೆಕ್ಕಪರಿಶೋಧಕರು ಬರುತ್ತಿದ್ದರು. ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಶಿಲ್ಕು ಇಷ್ಟು ಎಂದು ಬರೆದಿದ್ದರೆ ಸಾಲುತ್ತಿರಲಿಲ್ಲ. ಡಿಸಿಸಿ ಬ್ಯಾಂಕಿನಿಂದ ಶಿಲ್ಕು ದೃಢೀಕರಣ ಪತ್ರ ಬರಬೇಕು, ಠೇವಣಿ ರಸೀದಿಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಡಬೇಕು, ಅವರು ಒಂದೊಂದರ ನಂಬರನ್ನೂ ರಿಜಿಸ್ಟರಿಗೆ ತಾಳೆ ನೋಡಿ ಟಿಕ್ ಹಾಕಬೇಕು. ಒಂದು ರಸೀದಿ ನವೀಕರಣಕ್ಕೆ ಹೋಗಿದ್ದರೆ ಆ ಸಾಲು ಖಾಲಿ ಬಿಟ್ಟು, ಬ್ಯಾಂಕಿನಿಂದ ಕಾಗದ ಬರುವವರೆಗೂ ಕಾಯುತ್ತಿದ್ದರು. ಹಳ್ಳಿಯ ಸಂಘದಲ್ಲಿ ಆಗುತ್ತಿದ್ದ ಈ ಕೆಲಸ, ದೇಶದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗಿದ್ದ ಹೈದರಾಬಾದಿನ ಸತ್ಯಂನಲ್ಲಿ ಆಗಲಿಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ತಪ್ಪೊಪ್ಪಿಕೊಂಡರು. ಪುಸ್ತಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ.

ಹಿಂದಿನ ದಿನ ಆ ಷೇರಿನ ಬೆಲೆ 179 ರೂಪಾಯಿ, ಇಡೀ ಕಂಪನಿಯ ಮಾರುಕಟ್ಟೆ ಮೌಲ್ಯ ಸುಮಾರು 12 ಸಾವಿರ ಕೋಟಿ. ಅಂದರೆ ಕಾಗದದ ಪ್ರಕಾರ ಕೊಡುವ ಬೆಲೆಯ ಅರ್ಧಕ್ಕೆ ಹತ್ತಿರ ಬರೀ ನಗದೇ ಸಿಗುತ್ತಿತ್ತು. ಅಗ್ಗದ ಷೇರು ಹುಡುಕುವವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಲೆಕ್ಕ ಬೇರೆ ಇಲ್ಲ. ಒಂದೇ ದಿನದಲ್ಲಿ ಅದು 40 ರೂಪಾಯಿಗೆ ಇಳಿಯಿತು. ಆ ಸುದ್ದಿ ಬಂದ ದಿನ ನಮ್ಮ ಸಂಘದ ಕಚೇರಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋದದ್ದು ನೆನಪಿದೆ. ಮಕ್ಕಳನ್ನು ಆ ಕಂಪನಿಗೆ ಕಳಿಸಿದ್ದ ತಂದೆತಾಯಿ ಸಾಲದ ಕಂತು ಕಟ್ಟಲು ಬಂದವರು ಬೆಂಚಿನ ಮೇಲೆ ಕೂತುಬಿಟ್ಟಿದ್ದರು.

ಆದ್ದರಿಂದ ನಾನು ಲಾಭದ ಸಾಲು ಓದಿ ನಿಲ್ಲಿಸುವುದಿಲ್ಲ, ನಗದು ಹರಿವಿನ ಪಟ್ಟಿಗೆ ಹೋಗುತ್ತೇನೆ. ಲಾಭವನ್ನು ಬರೆಯಬಹುದು, ನಗದು ಬಂದು ಷೇರುದಾರರ ಕೈಗೆ ಹೋಗಿದ್ದರೆ ಅದನ್ನು ಬರೆದು ತೋರಿಸಲಾಗದು. ಇನ್ಫೋಸಿಸ್‌ನ ಲೆಕ್ಕದಲ್ಲಿ ನನಗೆ ಸಮಾಧಾನ ಕೊಟ್ಟದ್ದು ಇದೇ ಭಾಗ. 2024-25ರಲ್ಲಿ ಖರ್ಚೆಲ್ಲ ಕಳೆದು ಕೈಗೆ ಉಳಿದ ನಗದು 400 ಕೋಟಿ ಡಾಲರಿಗೂ ಮಿಗಿಲು, ಬರೆದ ಲಾಭಕ್ಕಿಂತ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಕಂಪನಿ ತನ್ನದೇ ಷೇರುಗಳನ್ನು ತಲಾ 1,800 ರೂಪಾಯಿಗೆ, ಒಟ್ಟು 18,000 ಕೋಟಿಗೆ ಮರಳಿ ಕೊಳ್ಳುವುದಾಗಿ ಪ್ರಕಟಿಸಿತು. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿದವರು ಮತ್ತು ಅವರ ಮನೆಯವರು, ಅದರಲ್ಲಿ ತಮ್ಮ ಷೇರು ಮಾರಲಿಲ್ಲ. ಇಲ್ಲದ ಹಣವನ್ನು ಯಾರೂ ಹೀಗೆ ಹಂಚಲಾರರು.

ಲೆಕ್ಕ ಸಾಚಾ ಇದ್ದ ಮಾತ್ರಕ್ಕೆ ಷೇರು ಏರಬೇಕೆಂದಿಲ್ಲ. ಇದನ್ನು ತಿಳಿಯಲು ಅಮೆರಿಕದ ಎರಡು ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೈಕ್ರೋಸಾಫ್ಟ್ 1999ರ ಡಿಸೆಂಬರಿನಲ್ಲಿ ಷೇರಿಗೆ 60 ಡಾಲರಿನ ಹತ್ತಿರ ಹೋಗಿ ಬಿದ್ದದ್ದು, ಮತ್ತೆ ಆ ಬೆಲೆ ಕಾಣಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಮಧ್ಯೆ ಲಾಭ 940 ಕೋಟಿ ಡಾಲರಿನಿಂದ 2013ರಲ್ಲಿ 2,190 ಕೋಟಿ ಡಾಲರಿಗೆ ಏರಿತ್ತು. ಲಾಭ ಎರಡು ಪಟ್ಟು ಮೀರಿದರೂ ಬೆಲೆ ಕೆಳಗೇ. 2011-12ರಲ್ಲಿ ಲಾಭದ ಹತ್ತು ಪಟ್ಟಿಗೆ ಸಿಗುತ್ತಿತ್ತು; ಕೊಳ್ಳುವವರಿಲ್ಲ, ಮುದಿ ಕಂಪನಿ ಎನ್ನುತ್ತಿದ್ದರು. 2014ರ ಫೆಬ್ರವರಿಯಲ್ಲಿ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಮುಖ್ಯಸ್ಥರಾದರು, ಕ್ಲೌಡ್ ವ್ಯವಹಾರ ಬೆಳೆಯಿತು, ಮುಂದಿನದ್ದು ಎಲ್ಲರಿಗೂ ಗೊತ್ತು. ಇತ್ತ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕೂಡ 2021ರಲ್ಲಿ ಲಾಭದ ಹತ್ತು-ಹನ್ನೆರಡು ಪಟ್ಟಿಗೇ ಸಿಗುತ್ತಿತ್ತು. ಆ ವರ್ಷ ಅದರ ಲಾಭ 1,990 ಕೋಟಿ ಡಾಲರ್. ಹೆಸರು ದೊಡ್ಡದು, ಲೆಕ್ಕ ಚೊಕ್ಕ, ಡಿವಿಡೆಂಡ್ ತಪ್ಪದೆ ಬರುತ್ತಿತ್ತು. ಮೂರೇ ವರ್ಷಕ್ಕೆ, 2024ರಲ್ಲಿ, 1,880 ಕೋಟಿ ಡಾಲರ್ ನಷ್ಟ. ಆ ಆಗಸ್ಟಿನಲ್ಲಿ ಡಿವಿಡೆಂಡ್ ನಿಲ್ಲಿಸುತ್ತೇವೆ, ಹದಿನೈದು ಸಾವಿರ ಉದ್ಯೋಗ ತೆಗೆಯುತ್ತೇವೆ ಎಂದದ್ದೇ ಷೇರು ಒಂದೇ ದಿನ ಶೇ 26ರಷ್ಟು ಬಿತ್ತು.

ಎರಡೂ ಹತ್ತು ಪಟ್ಟಿಗೆ ಸಿಗುತ್ತಿದ್ದ ಷೇರುಗಳೇ. ಒಂದು ಬದುಕಿತು, ಒಂದು ಮುಗ್ಗರಿಸಿತು. ವ್ಯತ್ಯಾಸ ಎಲ್ಲಿತ್ತು ಎಂದು ಹುಡುಕಿದರೆ ನನಗೆ ಕಂಡದ್ದು ಗಿರಾಕಿಗಳಲ್ಲಿ. ಮೈಕ್ರೋಸಾಫ್ಟನ್ನು ಎಲ್ಲರೂ ಬೈಯುತ್ತಿದ್ದ ಕಾಲದಲ್ಲೂ ಕಚೇರಿಗಳು ಅದರ ವಿಂಡೋಸ್, ಎಕ್ಸೆಲ್‌ಗಳನ್ನು ಬಿಡಲಿಲ್ಲ. ನಮ್ಮ ಸಂಘದ ಕಂಪ್ಯೂಟರಿನಲ್ಲೂ ಅವೇ ಇದ್ದವು. ಇಂಟೆಲ್‌ನ ಗಿರಾಕಿಗಳು ಎದ್ದು ಹೋಗತೊಡಗಿದ್ದರು. 2020ರ ನವೆಂಬರಿನಿಂದ ಆಪಲ್ ತನ್ನ ಕಂಪ್ಯೂಟರುಗಳಿಗೆ ತನ್ನದೇ ಚಿಪ್ ಹಾಕತೊಡಗಿತು, ಪ್ರತಿಸ್ಪರ್ಧಿ ಎಎಂಡಿ ತೈವಾನಿನಲ್ಲಿ ಚಿಪ್ ಮಾಡಿಸಿ ಮುಂದೆ ಓಡಿತು. ಇವೆಲ್ಲ 2021ರ ಲಾಭದ ಸಾಲಿನಲ್ಲಿ ಕಾಣುತ್ತಿರಲಿಲ್ಲ, ಆದರೆ ಪತ್ರಿಕೆ ಓದುವವರಿಗೆ ಕಾಣುತ್ತಿತ್ತು.

ಹಾಗಾದರೆ ಇನ್ಫೋಸಿಸ್ ಗಿರಾಕಿಗಳು ಏನು ಮಾಡುತ್ತಿದ್ದಾರೆ? 2024-25ರಲ್ಲಿ ಕಂಪನಿ 1,160 ಕೋಟಿ ಡಾಲರಿನ ದೊಡ್ಡ ಗುತ್ತಿಗೆಗಳನ್ನು ಪಡೆದಿದೆ. ಅಂದರೆ ಗಿರಾಕಿ ಬಿಟ್ಟು ಹೋಗಿಲ್ಲ. ಆದರೆ ಕೃತಕ ಬುದ್ಧಿಮತ್ತೆ ಬಂದ ಮೇಲೆ ಗಿರಾಕಿ ಕೇಳುವ ಪ್ರಶ್ನೆ ಬದಲಾಗಿದೆ: ಹತ್ತು ಜನ ಮಾಡುತ್ತಿದ್ದ ಕೆಲಸ ಈಗ ಆರು ಜನ ಮಾಡುವುದಾದರೆ ನಾನು ಹತ್ತು ಜನರ ಬಿಲ್ಲು ಏಕೆ ಕೊಡಲಿ? ಜನರ ತಲೆ ಎಣಿಸಿ ಬಿಲ್ಲು ಮಾಡಿ ಬೆಳೆದ ಉದ್ಯಮಕ್ಕೆ ಇದು ಬುಡಕ್ಕೇ ತಾಗುವ ಪ್ರಶ್ನೆ. 2023ರ ಮಾರ್ಚಿನಲ್ಲಿ ಕಂಪನಿಯಲ್ಲಿ 3,43,234 ಮಂದಿ ಇದ್ದರು. ಮರುವರ್ಷ 3,17,240. 2025ರ ಮಾರ್ಚಿನಲ್ಲಿ 3,23,578. ವರಮಾನ ಮಾತ್ರ ಏರುತ್ತಲೇ ಇತ್ತು. ಇದರ ಜೊತೆಗೆ 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದಿತು. ವರಮಾನದ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕದಿಂದ ಬರುವ ಕಂಪನಿಗೆ ಇದು ಸಣ್ಣ ಮಾತಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಷೇರು ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಗೆ ಉತ್ತರ ಕಂಪನಿಯ ಲೆಕ್ಕದಲ್ಲಿ ಅರ್ಧ ಮಾತ್ರ ಇದೆ, ಉಳಿದರ್ಧ ನಮ್ಮ ಮನೆಯ ಲೆಕ್ಕದಲ್ಲಿದೆ. ಟಿವಿಯಲ್ಲಿ ಕೂತು ಮುಂಬೈಯ ತಜ್ಞರು ಹೇಳುವ ಸಲಹೆ ಮುಂಬೈಯ ಮನೆಗೆ ಸರಿ ಇರಬಹುದು. ಕೊಡಗಿನ ಮನೆಯ ಸ್ಥಿತಿ ಬೇರೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಆದಾಯದ ದೊಡ್ಡ ಪಾಲು ರೊಬಸ್ಟಾ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹೊರದೇಶಕ್ಕೆ ಹೋಗುತ್ತದೆ. ರೊಬಸ್ಟಾ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯಲ್ಲಿ, ಅದೂ ಡಾಲರಿನಲ್ಲಿ. ಮಗ ಬೆಂಗಳೂರಿನ ಇನ್ನೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನ ಸಂಬಳ ಹುಟ್ಟುವುದೂ ಅಮೆರಿಕದ ಗಿರಾಕಿ ಕೊಡುವ ಡಾಲರಿನಿಂದ. ಸಂಬಳದ ಜೊತೆ ಅವನಿಗೆ ಕೊಡುವ ಕಂಪನಿ ಷೇರುಗಳೂ ಅದೇ ಉದ್ಯಮದವು. ಅವನ ಮನೆ ಸಾಲದ ಕಂತು ನಿಂತಿರುವುದೂ ಆ ಸಂಬಳದ ಮೇಲೆ. ಇಷ್ಟರ ಮೇಲೆ ಉಳಿತಾಯವನ್ನೂ ಸಾಫ್ಟ್‌ವೇರ್ ಷೇರಿಗೆ ಹಾಕಿದರೆ ಮನೆಯ ನಾಲ್ಕೂ ಕಂಬ ಒಂದೇ ನೆಲದ ಮೇಲೆ ನಿಂತಂತೆ. ಡಾಲರ್ 90 ರೂಪಾಯಿ ದಾಟಿದಾಗ ನಾಲ್ಕಕ್ಕೂ ಒಳ್ಳೆಯದು. ಅಮೆರಿಕ ಸೀನಿದ ದಿನ ನಾಲ್ಕಕ್ಕೂ ನೆಗಡಿ.

ಇದು ಬರೀ ಊಹೆಯಲ್ಲ. 2000ರಲ್ಲಿ ಡಾಟ್‌ಕಾಂ ಉಬ್ಬರ (ಇಂಟರ್ನೆಟ್ ಕಂಪನಿಗಳ ಷೇರಿನ ಹುಚ್ಚು) ಇಳಿದು ಸಾಫ್ಟ್‌ವೇರ್ ಷೇರುಗಳು ನೆಲ ಕಚ್ಚಿದವು. ಅದರ ಹಿಂದೆಯೇ, 2001-02ರಲ್ಲಿ, ಕಾಫಿ ಬೆಲೆ ಪಾತಾಳಕ್ಕಿಳಿಯಿತು. ಎರಡಕ್ಕೂ ಕಾರಣ ಬೇರೆ ಬೇರೆ: ಅಲ್ಲಿ ಸಟ್ಟಾ, ಇಲ್ಲಿ ವಿಯೆಟ್ನಾಮಿನ ಅತಿ ಉತ್ಪಾದನೆ. ಆದರೆ ಎರಡೂ ಬಿದ್ದದ್ದು ಒಂದೇ ಹೊತ್ತಿಗೆ. ಆಗ ನಾನು ಸಂಘದಲ್ಲಿದ್ದೆ. ಬೆಳೆಸಾಲ ತೀರಿಸಲಾಗದೆ ನವೀಕರಣ, ನವೀಕರಣದ ಮೇಲೆ ಮತ್ತೆ ನವೀಕರಣ. ಬಿ.ಇ. ಮುಗಿಸಿ ಬೆಂಗಳೂರಿಗೆ ಹೋಗಿದ್ದ ಹುಡುಗರು ಕೆಲಸ ಸಿಗದೆ ತೋಟಕ್ಕೆ ಮರಳಿ ಬಂದು, ತೋಟದಲ್ಲೂ ದುಡ್ಡಿಲ್ಲದೆ ಕೂತದ್ದನ್ನು ನೋಡಿದ್ದೇನೆ. 2010ರಲ್ಲಿ ಕೇಂದ್ರ ಸರ್ಕಾರ ಕಾಫಿ ಸಾಲ ಪರಿಹಾರ ಪ್ಯಾಕೇಜ್ ಪ್ರಕಟಿಸುವವರೆಗೂ ಆ ಸಾಲದ ಬಾಲ ಕೆಲವು ಮನೆಗಳನ್ನು ಬಿಡಲಿಲ್ಲ. ಆ ವರ್ಷಗಳಲ್ಲಿ ತಡೆದು ನಿಂತ ಮನೆಗಳು ಯಾವುವು ಎಂದರೆ ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇಟ್ಟಿದ್ದವು, ಇಲ್ಲವೇ ಸೈನ್ಯದ ಪಿಂಚಣಿ ಬರುತ್ತಿದ್ದವು. ನಮ್ಮ ಜಿಲ್ಲೆಯಲ್ಲಿ ಪಿಂಚಣಿಯ ಮನೆಗಳು ಬಹಳ. ಆ ಮನೆಗಳವರು ಸ್ವಲ್ಪ ಹೆಚ್ಚು ಧೈರ್ಯ ಮಾಡಬಹುದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮಗನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನು ಒಂದು ಒಳ್ಳೆಯ ಮಾತು ಎತ್ತಿದ. "ಅಮ್ಮ, ನನ್ನ ಕೆಲಸ ಎಐಗೆ ಹೋಯಿತು ಅಂತಿಟ್ಟುಕೋ. ಆಗ ಕಂಪನಿಗೆ ಸಂಬಳ ಉಳಿದು ಲಾಭ ಜಾಸ್ತಿ ಆಗ್ತದಲ್ಲ? ಷೇರು ಇದ್ದರೆ ಆ ಲಾಭವಾದರೂ ನಮಗೆ ಬರ್ತದೆ." ಬಹಳ ಯೋಚಿಸಿದೆ. ಉಳಿದ ಸಂಬಳವನ್ನು ಕಂಪನಿ ತಾನೇ ಇಟ್ಟುಕೊಂಡರೆ ಅವನ ಮಾತು ಸರಿ: ಕೆಲಸಗಾರನ ನಷ್ಟ ಷೇರುದಾರನ ಲಾಭ. ಆದರೆ ಗಿರಾಕಿ ಆ ಉಳಿತಾಯವನ್ನು ರಿಯಾಯಿತಿಯಾಗಿ ಕಿತ್ತುಕೊಂಡರೆ, ಇಲ್ಲವೇ ಆ ಕೆಲಸವನ್ನು ತಾನೇ ಮಾಡಿಕೊಳ್ಳತೊಡಗಿದರೆ, ಕೆಲಸವೂ ಹೋಯಿತು ಲಾಭವೂ ಹೋಯಿತು. ಎರಡರಲ್ಲಿ ಯಾವುದು ಆಗುತ್ತಿದೆ ಎಂದು ತಿಳಿಯಲು ಪ್ರತಿ ಮೂರು ತಿಂಗಳ ಫಲಿತಾಂಶದಲ್ಲಿ ಒಂದು ಅಂಕಿ ನೋಡಿದರೆ ಸಾಕು: ನೂರು ರೂಪಾಯಿ ವರಮಾನದಲ್ಲಿ ಕಾರ್ಯಾಚರಣೆಯ ಲಾಭ (ತೆರಿಗೆ ಕಳೆಯುವ ಮುಂಚೆ ವ್ಯವಹಾರದಿಂದ ಉಳಿದದ್ದು) ಎಷ್ಟು. 2024-25ರಲ್ಲಿ ಅದು 21 ರೂಪಾಯಿ. ಜನ ಕಡಿಮೆಯಾಗುತ್ತಾ ಈ 21 ಏರಿದರೆ ಉಳಿತಾಯ ಕಂಪನಿಯಲ್ಲಿ ನಿಂತಿದೆ. ಜನವೂ ಇಳಿದು, ಇದೂ ಇಳಿದು, ವರಮಾನವೂ ನಿಂತರೆ ಎಷ್ಟೇ ಅಗ್ಗವಾದರೂ ನಾನು ಕೈ ಹಾಕುವುದಿಲ್ಲ.

ಅಮೆರಿಕದ ಷೇರನ್ನೇ ನೇರವಾಗಿ ಕೊಳ್ಳೋಣ ಎಂದೂ ಮಗ ಹೇಳಿದ. ಕಾನೂನಿನಲ್ಲಿ ಅವಕಾಶ ಇದೆ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು. ಆದರೆ ಅಲ್ಲಿನ ಡಿವಿಡೆಂಡಿನಲ್ಲಿ ಕಾಲು ಭಾಗ ಅಲ್ಲೇ ತೆರಿಗೆ ಕಡಿತ, ಇಲ್ಲಿನ ರಿಟರ್ನಿನಲ್ಲಿ ವಿದೇಶಿ ಆಸ್ತಿಯೆಂದು ಪ್ರತ್ಯೇಕ ಘೋಷಣೆ, ಅರವತ್ತು ಸಾವಿರ ಡಾಲರ್ ಮೀರಿದ ಆಸ್ತಿ ಬಿಟ್ಟು ಸತ್ತರೆ ವಾರಸುದಾರರಿಗೆ ಅಲ್ಲಿನ ಉತ್ತರಾಧಿಕಾರ ತೆರಿಗೆ. ಪ್ರಾಯವಾದವರಿಗೆ ಈ ರಗಳೆ ಬೇಡ.

ನಾವು ತೀರ್ಮಾನಿಸಿದ್ದು ಹೀಗೆ. ಮಗ ತನಗೆ ಸಿಕ್ಕ ಕಂಪನಿ ಷೇರುಗಳನ್ನು ಕೈಗೆ ಬಂದಂತೆ ಮಾರಿ ಪಿಪಿಎಫ್, ಠೇವಣಿಗಳಿಗೆ ಹಾಕುತ್ತಾನೆ. ಸಂಬಳ ಕೊಡುವ ಉದ್ಯಮವೇ ಉಳಿತಾಯವನ್ನೂ ಇಟ್ಟುಕೊಳ್ಳುವುದು ಬೇಡ. ಎರಡು ವರ್ಷ ಕಾಫಿ ಕೈಕೊಟ್ಟರೂ ತೋಟದ ಕೂಲಿ, ಗೊಬ್ಬರ, ಮನೆ ಖರ್ಚು ನಡೆಯುವಷ್ಟು ಹಣ ಬ್ಯಾಂಕಿನಲ್ಲಿ ಮುಟ್ಟದೆ ಇರುತ್ತದೆ. ಅದರಾಚೆ ಉಳಿದ ಮೆಣಸಿನ ಹಣದಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಇನ್ಫೋಸಿಸ್ ಷೇರಿಗೆ, ಅದೂ ಒಂದೇ ಸಲ ಅಲ್ಲ, ಪ್ರತಿ ಮೂರು ತಿಂಗಳ ಫಲಿತಾಂಶ ಓದಿದ ಮೇಲೆ ಸ್ವಲ್ಪ ಸ್ವಲ್ಪ. ಮೊದಲ ಕಂತು ಕೊಂಡಿದ್ದೇನೆ. ಮೈಕ್ರೋಸಾಫ್ಟಿನ ಷೇರುದಾರರು ಕಾದಂತೆ ವರ್ಷಗಟ್ಟಲೆ ಕಾಯಬೇಕಾಗಬಹುದು ಎಂದು ತಿಳಿದೇ ಕೊಂಡದ್ದು. ಮಾರಿದರೆ ಒಂದು ವರ್ಷದ ಒಳಗಿನ ಲಾಭಕ್ಕೆ ಶೇ 20, ನಂತರವಾದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5 ತೆರಿಗೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂಬ ರೂಢಿಯಲ್ಲಿ ಇದನ್ನು ಮರೆಯುವವರು ನಮ್ಮಲ್ಲಿ ಬಹಳ.

ಒಂದು ವಿಷಯಕ್ಕೆ ನಾನು ಕೈಮುಗಿದು ಬೇಡುತ್ತೇನೆ. ಬೆಳೆಸಾಲದ ಹಣವನ್ನು ಷೇರಿಗೆ ಹಾಕಬೇಡಿ. ರಾಜ್ಯ ಸರ್ಕಾರ 2023ರಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ ಮೇಲೆ ಕೆಲವು ಯುವಕರು ಬಾಯಿಬಿಟ್ಟೇ ಹೇಳುತ್ತಾರೆ: "ಬಡ್ಡಿ ಇಲ್ಲದ ದುಡ್ಡು ಆಂಟಿ, ಷೇರಿಗೆ ಹಾಕಿ ತೀರಿಸಿದರಾಯ್ತು." ಆ ಸಾಲಕ್ಕೆ ತೀರಿಸುವ ದಿನ ಇದೆ, ಷೇರಿಗೆ ಏರುವ ದಿನ ಗೊತ್ತಿಲ್ಲ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ, ಮುಂದಿನ ವರ್ಷದ ಸಾಲ ಸಿಗುವುದಿಲ್ಲ, ಜಾಮೀನು ಹಾಕಿದ ನೆರೆಮನೆಯವರ ಮುಖ ನೋಡಲಾಗುವುದಿಲ್ಲ. ಇನ್ನು ಫ್ಯೂಚರ್ಸ್, ಆಪ್ಷನ್ಸ್ ಎಂದು, ಅಂದರೆ ಮುಂದಿನ ಬೆಲೆಯ ಮೇಲೆ ಪಂಥ ಕಟ್ಟಿದಂತೆ, ಮೊಬೈಲಿನಲ್ಲಿ ಆಡುವವರ ವಿಷಯ: ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷದಲ್ಲಿ ಇಂಥ ನೂರು ಜನರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ವಾಟ್ಸಾಪ್ ಗುಂಪಿನಲ್ಲಿ ಸಲಹೆ ಕೊಡುವವರ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಜಾಲತಾಣದಲ್ಲಿ ಇದೆಯೇ ನೋಡಿ.

ಸಂಪಾದಕರಲ್ಲಿ ನನ್ನದು ಒಂದು ಕೋರಿಕೆ. ನೀವು ಕಾಫಿ, ಮೆಣಸು, ಏಲಕ್ಕಿಯ ದರವನ್ನು ಎಷ್ಟೋ ವರ್ಷದಿಂದ ಕೊಡುತ್ತಾ ಬಂದಿದ್ದೀರಿ. ಕಾಫಿಯ ದರವನ್ನು ಓಟಿಯ ಜೊತೆಯೇ ಕೊಡುತ್ತೀರಿ. ಷೇರಿನ ದರವನ್ನೂ ಹಾಗೆಯೇ ಕೊಡಿ. ಟಿಸಿಎಸ್, ಇನ್ಫೋಸಿಸ್, ವಿಪ್ರೋ, ಎಚ್‌ಸಿಎಲ್‌ನಂಥ ಕಂಪನಿಗಳ ಮೂರು ತಿಂಗಳ ಫಲಿತಾಂಶ ಬಂದಾಗ ಒಂದು ಸಣ್ಣ ಚೌಕದಲ್ಲಿ ಕನ್ನಡದಲ್ಲಿ ಇಷ್ಟು ಹಾಕಿದರೆ ಸಾಕು: ಷೇರೊಂದರ ಲಾಭ, ಡಿವಿಡೆಂಡ್, ಕೈಗೆ ಬಂದ ನಗದು, ನೂರು ರೂಪಾಯಿ ವರಮಾನಕ್ಕೆ ಉಳಿದ ಲಾಭ, ಉದ್ಯೋಗಿಗಳ ಸಂಖ್ಯೆ, ಮತ್ತು ಇವೇ ಅಂಕಿಗಳು ಹಿಂದಿನ ವರ್ಷ ಎಷ್ಟಿದ್ದವು. ವಾರ್ಷಿಕ ವರದಿಗಳು ಇಂಗ್ಲಿಷಿನಲ್ಲಿವೆ, ನೂರಾರು ಪುಟ. ತೋಟದ ಕೆಲಸ ಮುಗಿಸಿ ಬಂದವರು ಅದನ್ನು ಓದಲಾರರು, ಈ ಆರು ಸಾಲು ಓದುತ್ತಾರೆ. ಸಂಘದ ನೋಟಿಸ್ ಬೋರ್ಡಿಗೆ ಅದನ್ನು ಕತ್ತರಿಸಿ ಅಂಟಿಸುವ ಕೆಲಸ ನಾನು ಮಾಡುತ್ತೇನೆ.

ಇತಿ,
ಸಹಕಾರ ಸಂಘವೊಂದರ ನಿವೃತ್ತ ಲೆಕ್ಕಿಗಳು
ಸುಂಟಿಕೊಪ್ಪ, ಕೊಡಗು